ಪೆರ್ನಿಕ್‌ನ ವಿಟಮಿನ್ನು

೨೦೧೪ರ ಮಾರ್ಚ್ ಹನ್ನೊಂದರಂದು ಗಾಂಚೊನ ರಕ್ತ ಎಷ್ಟು ತೆಳುವಾಗಿದೆಯೆಂದು ತೋರಿಸುವ ಅಂಕ ಏಳು ಪಾಯಿಂಟ್ ಎರಡು. ಇರಬೇಕಾದದ್ದು ಮೂರರ ಆಸುಪಾಸು. ಹೃದಯದಲ್ಲಿ ಲೋಹದ ಕವಾಟ ಕೂಡಿಸಿಕೊಂಡವನ ರಕ್ತ ತೆಳುವಾಗಿರಬೇಕು, ನಿಜ. ಇಷ್ಟು ತೆಳುವಾದರೆ ಮಾತ್ರ ತಲೆಯೊಳಗೆ ಒಂದು ರಕ್ತನಾಳ ಒಡೆದರೂ ಹರಿವು ನಿಲ್ಲದು. ಬೆಳಿಗ್ಗೆ ಹಲ್ಲುಜ್ಜಿದಾಗ ಒಸಡಿನಿಂದ ಬಂದ ರಕ್ತ ಇನ್ನೂ ನಿಂತಿರಲಿಲ್ಲ.

"ರಕ್ತ ತೆಳು ಮಾಡೋ ಮಾತ್ರೆ ಜಾಸ್ತಿ ತಗೊಂಡ್ರಾ?" ಎಂದಳು ಡಾಕ್ಟರ್ ಕೊಯೆವಾ.

"ಹೇಳಿದಷ್ಟೇ ಕಣಮ್ಮ."

"ಬೇರೆ ಏನಾದ್ರೂ?"

"ಬರೀ ವಿಟಮಿನ್ನು."

ಪಕ್ಕದಲ್ಲಿದ್ದ ಹೆಂಡತಿ ರುಮ್ಯಾನಾ ಕೈಚೀಲವನ್ನು ಬಿಗಿಹಿಡಿದಳು. ಗಂಡ ಸುಳ್ಳಾಡಿರಲಿಲ್ಲ. ಪೆರ್ನಿಕ್ ಊರಲ್ಲಿ ಅವನಂತೆ ಭಾರ ಎತ್ತುವ ಪಟುಗಳು ಅವನು ತಿನ್ನುತ್ತಿದ್ದ ಗುಲಾಬಿ ಮಾತ್ರೆಯನ್ನು ಎಂದೂ ಬೇರೆ ಹೆಸರಿನಿಂದ ಕರೆದವರಲ್ಲ. ಶಸ್ತ್ರಚಿಕಿತ್ಸೆಯ ನಂತರ ಗಾಂಚೊನ ತೋಳು ಸೊರಗಿದ್ದನ್ನು ನೋಡಲಾರದೆ ತರಬೇತುದಾರ ಪಾನ್ಯೊ ಅದನ್ನು ತಂದುಕೊಟ್ಟಿದ್ದ. ಪಾನ್ಯೊ ಅವಳ ಒಡಹುಟ್ಟಿದ ಅಣ್ಣ. ಬಾಯಿಬಿಟ್ಟರೆ ಅವನ ಕೆಲಸ ಹೋಗುತ್ತದೆ, ಜೈಲೂ ಆದೀತು.

"ವಿಟಮಿನ್ನಿಂದ ಅಂಕ ಹೀಗೆ ಏರಲ್ಲ. ಯಾವುದು ಅದು?"

"ಎಲ್ರೂ ತಗೊಳ್ಳೋದೇ. ನಿಮ್ಮಂಥ ಕಡ್ಡಿ ಮೈಯವ್ರು ತಿಂದ್ರೆ ಈ ಬಾಗಿಲು ಕಿತ್ಕೊಂಡು ಹೋಗ್ತೀರಿ!"

ಡಾಕ್ಟರ್ ಅಂಕದ ಚೀಟಿಯನ್ನು ಅವನ ಮುಂದಿಟ್ಟಳು. "ಯಾಕೆ ಏರ್ತು ಅಂತ ಗೊತ್ತಿಲ್ದೆ ತೆಳು ಮಾಡೋ ಮಾತ್ರೆ ಇಳಿಸಿದ್ರೆ, ನಾಳೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು."

ಪಾನ್ಯೊನ ಪದ್ಧತಿ ರುಮ್ಯಾನಾಗೆ ಗೊತ್ತಿತ್ತು: ಗುಲಾಬಿ ಮಾತ್ರೆ ಆರು ವಾರ ತಿನ್ನುವುದು, ಆರು ವಾರ ಬಿಡುವುದು. ಹಾಗಾದರೆ ಈಗ ತಿನ್ನುವಾಗ ರಕ್ತ ಹರಿದು ಸಾವು, ಇಲ್ಲವೇ ಬಿಟ್ಟಾಗ ರಕ್ತ ಗಟ್ಟಿಯಾಗಿ ಸಾವು.

"ಅದು ವಿಟಮಿನ್ ಅಲ್ಲ ಡಾಕ್ಟ್ರೇ. ಸ್ಟೆರಾಯ್ಡು."

"ನಿನ್ ಬಾಯಿಗೊಂದು ಬೀಗ ಹಾಕೇ!" ಗಾಂಚೊ ಗದರಿದ.

ಡಾಕ್ಟರ್ ಬಿಡಿಸಿ ಹೇಳಿದಳು. ಸ್ಟೆರಾಯ್ಡ್ ಸೇರಿದರೆ ತೆಳು ಮಾಡುವ ಮಾತ್ರೆಯ ಬಲ ಹೆಚ್ಚುತ್ತದೆ; ಮೈಯಲ್ಲಿ ನೀರು ನಿಂತು ದುರ್ಬಲ ಹೃದಯ ದಣಿಯುತ್ತದೆ; ಯಕೃತ್ತೂ ಕೆಡುತ್ತದೆ. ಸ್ಟೆರಾಯ್ಡನ್ನು ಇಂದೇ ಬಿಡಬೇಕು. ಬಿಟ್ಟ ಮೇಲೆ ಅಂಕ ಇಳಿಯುತ್ತದೆ. ಆಗಾಗ ರಕ್ತ ಪರೀಕ್ಷಿಸಿ, ತೆಳು ಮಾಡುವ ಮಾತ್ರೆಯನ್ನು ಒಂದೆರಡು ದಿನ ನಿಲ್ಲಿಸಿ ಮತ್ತೆ ಮೆಲ್ಲಗೆ ಏರಿಸಬೇಕು. ಅನಂತರ ಚಮಚದಲ್ಲಿ ಕೆಲವು ಹನಿ ಹಿಡಿದಳು.

"ರಕ್ತ ಸ್ವಲ್ಪ ಗಟ್ಟಿಯಾಗೋಕೆ. ಇದು ನಿಜವಾದ ವಿಟಮಿನ್ನು, ವಿಟಮಿನ್ ಕೆ. ಕುಡೀರಿ."

ಗಾಂಚೊ ಮುಖ ಕಿವುಚಿ ಕುಡಿದ.

"ಆ ಸ್ಟೆರಾಯ್ಡು ಕೊಟ್ಟೋರು ಯಾರು?" ಡಾಕ್ಟರ್ ಕೇಳಿದಳು.

"ಅದು ಗೊತ್ತಾದ್ರೆ ಇವರ ರಕ್ತ ಸರಿಹೋಗುತ್ತಾ?" ರುಮ್ಯಾನಾ ಕೇಳಿದಳು.

"ಇಲ್ಲ." ಡಾಕ್ಟರ್ ಪೆನ್ನು ಕೆಳಗಿಟ್ಟಳು. "ಅವರ ಹತ್ರ ಚಿಕ್ಕ ಹುಡುಗರೂ ಕಲೀತಾರಾ?"

ಗಂಡನ ಪಾಲಿನ ಸತ್ಯವನ್ನು ರುಮ್ಯಾನಾ ಕೊಟ್ಟಾಗಿತ್ತು. ಗಾಂಚೊನ ಕೋಟನ್ನು ತೋಳಿಗೆ ಹಾಕಿಕೊಂಡು ಎದ್ದಳು. ಪಾನ್ಯೊನ ಹುಡುಗರ ಬಗೆಗಿನ ಆ ಉತ್ತರ ಇಂದಿಗೂ ಬಾಕಿ ಇದೆ.