ಉಪ್ಪುನೀರಿನಲ್ಲಿ ತೇಲಿದ್ದು

ಕೃಷ್ಣರಾಜಪುರದಾಚೆಯ ನಮ್ಮೂರಿನಲ್ಲಿ ಮಣ್ಣಿನ ವಿಷಯ ಬಂದರೆ ನಮ್ಮಪ್ಪ ಮುನಿಆಂಜನಪ್ಪನ ಮಾತೇ ಕೊನೆ. ಸಾರಿಗೆ ಉಪ್ಪು ಕಡಿಮೆಯಾದರೂ ಸುಮ್ಮನೆ ಉಣ್ಣುತ್ತಿದ್ದ ಮನುಷ್ಯ, ಗೊಬ್ಬರದ ಬಗ್ಗೆ ಯಾರಾದರೂ ಎದುರಾಡಿದರೆ ಮಾತ್ರ ಸಹಿಸುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಪಟ್ಟಣದ ಕಸದ ಲಾರಿಗಳು ಆಗ ನಮ್ಮ ಹೊಲಗಳಿಗೇ ಬರುತ್ತಿದ್ದವು. ಡ್ರೈವರಿಗೆ ಟೀ ಕುಡಿಸಿ ನಾವೇ ಕರೆತರುತ್ತಿದ್ದೆವು ಅನ್ನಿ. ಕೊಳೆತ ತರಕಾರಿ, ಬಾಳೆಲೆ, ಸಗಣಿ. ಸೊಪ್ಪಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರ ಎಲ್ಲಿ ಸಿಗಬೇಕು? ಪ್ಲಾಸ್ಟಿಕ್ ಕವರುಗಳದ್ದೇ ತಲೆನೋವು. ಅದಕ್ಕೂ ಅಪ್ಪ ಉಪಾಯ ಹುಡುಕಿದ್ದ. ಕಸವನ್ನು ಬಿಸಿಲಿಗೆ ಹರವಿ ಎರಡು ಬೇಸಿಗೆ ಬಿಡುವುದು. ಕವರುಗಳು ಹಪ್ಪಳದ ಹಾಗೆ ಮುರಿಯತೊಡಗಿದಾಗ ಮೇಲೆ ಟ್ರ್ಯಾಕ್ಟರ್ ಹೊಡೆಸುವುದು.

"ನೋಡು, ಮಣ್ಣಲ್ಲಿ ಮಣ್ಣಾಗ್ಹೋಯ್ತು" ಎನ್ನುತ್ತಿದ್ದ. ಊರಿನ ಸೊಪ್ಪು ಬೆಳೆಯುವವರೆಲ್ಲ ಅವನಿಂದ ಇದನ್ನೇ ಕಲಿತರು.

ಒಂದು ಬೆಳಿಗ್ಗೆ ಅಮ್ಮ ಆಂಜನಮ್ಮ ಹಲಸೂರು ಮಾರ್ಕೆಟ್ಟಿಗೆ ಒಯ್ಯುವ ಕೊತ್ತಂಬರಿಯ ಬೇರು ತೊಳೆಯುತ್ತಿದ್ದಳು.

"ಹಂಸಾ, ಬೇಸಿನ್ನಿಗೆ ರಂಗೋಲಿ ಪುಡಿ ಚೆಲ್ಲಿದ್ಯೇನೇ?"

ನೀರಿನ ಮೇಲೆ ಸಾಸಿವೆಗಿಂತ ಸಣ್ಣ ನೀಲಿ, ಕೆಂಪು ಪ್ಲಾಸ್ಟಿಕ್ ಚೂರುಗಳು. ಬಿ.ಎಸ್ಸಿ. ಓದುತ್ತಿದ್ದ ನನ್ನ ತಲೆಗೆ ಹುಳ ಹೊಕ್ಕಿತು. ಹೊಲದಲ್ಲಿ ಇದು ಎಷ್ಟಿದೆ? ಎಷ್ಟು ಆಳಕ್ಕಿದೆ?

ಅದಕ್ಕೆ ಕಾಲೇಜಿನ ಲ್ಯಾಬೇನೂ ಬೇಕಾಗಲಿಲ್ಲ. ಬಿತ್ತನೆ ಭತ್ತ ಆರಿಸಲು ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕೋಳಿಮೊಟ್ಟೆ ತೇಲುವಷ್ಟು ಉಪ್ಪನ್ನು ನೀರಿಗೆ ಕರಗಿಸಿ ಬೀಜ ಸುರಿದರೆ ಜೊಳ್ಳು ಮೇಲೆ ಬರುತ್ತದೆ, ಗಟ್ಟಿ ತಳ ಸೇರುತ್ತದೆ. ನಾನು ಭತ್ತದ ಬದಲು ಮಣ್ಣು ಹಾಕಿದೆ. ಮಣ್ಣು ಮುಳುಗಿತು, ಬಣ್ಣಗಳು ತೇಲಿದವು. ಮೊಳ ಅಗೆದು ತಂದ ಮಣ್ಣಿನಲ್ಲೂ ಅಷ್ಟೇ, ಎರಡು ಮೊಳದ್ದರಲ್ಲೂ ಅಷ್ಟೇ. ಕೊನೆಗೆ, ಮೇಲಿಂದ ಏನೂ ಬೀಳದಂತೆ ತಗಡು ಮುಚ್ಚಿದ್ದ ಕುಡಿಯುವ ಬಾವಿಯಿಂದ ಹತ್ತು ಬಿಂದಿಗೆ ನೀರು ಸೇದಿ ಅಪ್ಪನ ಬಿಳಿ ಪಂಚೆಯಲ್ಲಿ ಸೋಸಿದೆ. ಪಂಚೆಯ ಮೇಲೆ ಮೂರು ನೀಲಿ ಚುಕ್ಕೆ ಉಳಿದವು.

ಅಪ್ಪ ನಂಬಲಿಲ್ಲ. ತನಗೆ ಬಹಳ ಪ್ರೀತಿಯ ಮೂಲೆಯಿಂದ ತಾನೇ ಮಣ್ಣು ಅಗೆದು ತಂದು, ಮೊಟ್ಟೆ ತೇಲುವುದನ್ನು ತಾನೇ ನೋಡಿ, ತಾನೇ ಸುರಿದ. ತೇಲಿದ ಒಂದು ಚೂರನ್ನು ಬೆರಳಲ್ಲಿ ಬಹಳ ಹೊತ್ತು ತಿಕ್ಕಿದ.

"ಮಣ್ಣಾಗಿಲ್ಲ ಕಣೇ. ಬರೀ ಸಣ್ಣದಾಗಿದೆ."

ಅವನ ಮುಖ ನೋಡಿ ಅಷ್ಟು ಹೊತ್ತಿನ ನನ್ನ ಉತ್ಸಾಹವೆಲ್ಲ ಇಳಿದುಹೋಯಿತು.

"ಊರೋರಿಗೆ ಹೇಳೋಕೆ ಹೋಗ್ಬೇಡಿ. ನಿಮ್ಮ ಮಾತು ಇನ್ಯಾರು ಕೇಳ್ತಾರೆ?" ಎಂದಳು ಅಮ್ಮ.

ಮರುದಿನ ಲಾರಿ ಬಂದಾಗ ಪಕ್ಕದ ಹೊಲದ ಚಿಕ್ಕವೆಂಕಟಪ್ಪ, ಇನ್ನೂ ನಾಲ್ಕೈದು ಜನ ತಮ್ಮ ಪಾಲಿಗಾಗಿ ಕಾದಿದ್ದರು. ಅಪ್ಪ ಅವರ ಮುಂದೆ ಉಪ್ಪುನೀರಿನ ಬೇಸಿನ್ ಇಟ್ಟು, ಒಬ್ಬೊಬ್ಬರ ಹೊಲದಿಂದಲೂ ಒಂದೊಂದು ಹಿಡಿ ಮಣ್ಣು ತರಿಸಿ ಹಾಕಿದ. ಪ್ರತಿ ಹಿಡಿಗೂ ಬಣ್ಣದ ಚೂರುಗಳು ಮೇಲೆದ್ದವು.

"ನಾನು ಹೇಳ್ಕೊಟ್ಟಿದ್ದು ತಪ್ಪು. ಲಾರಿ ವಾಪಸ್ ಕಳ್ಸಿ" ಎಂದ.

ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಚಿಕ್ಕವೆಂಕಟಪ್ಪ ನೀರನ್ನೇ ನೋಡುತ್ತ, ಎಂದಿನ ಮರ್ಯಾದೆಯಲ್ಲೇ ಕೇಳಿದ:

"ಸರಿ ಅಣ್ಣಾ. ಈಗ ಇದನ್ನ ಹೊರಕ್ಕೆ ತೆಗೆಯೋದು ಹೆಂಗೆ, ಅದನ್ನ ಹೇಳಿ."

ಎಲ್ಲರೂ ಅಪ್ಪನ ಬಾಯಿ ನೋಡಿದರು.

"ಗೊತ್ತಿಲ್ಲ" ಎಂದ ಅಪ್ಪ.