ಪಹಣಿಯಲ್ಲಿ ಉಳಿದ ಓಬಯ್ಯ

ದೊಡ್ಡಉಳ್ಳಾರ್ತಿಯ ಓಬಯ್ಯ ತೀರಿಕೊಂಡು ಒಂಬತ್ತು ವರ್ಷ. ಆದರೆ ಮೂರು ಎಕರೆ ಹೊಲದ ಪಹಣಿಯಲ್ಲಿ ಮಾತ್ರ ಆತ ಇನ್ನೂ ಬದುಕಿದ್ದ. ಹೆಂಡತಿ ಸೂರಮ್ಮ ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ಎಡೆಯ ಮುಂದೆ ಆ ಪಹಣಿ ಇಟ್ಟು, ಗಂಡನ ಹೆಸರಿಗೆ ಕುಂಕುಮ ಹಚ್ಚುತ್ತಿದ್ದಳು. ಖಾತೆ ಬದಲಿಸೋಣ ಎಂದು ಮಗ ಕ್ಯಾತಣ್ಣ ಬಾಯಿ ತೆರೆದರೆ ಸಾಕು, "ಹೆಸರು ತೆಗೆದ್ರೆ ಅವರನ್ನ ಇನ್ನೊಂದ್ಸಲ ಸಾಯಿಸಿದಂಗೆ ಕಣೋ" ಎಂದು ಗದರುತ್ತಿದ್ದಳು. ನಮ್ಮ ಊರುಗಳಲ್ಲಿ ಇಂಥ ಸೂರಮ್ಮಂದಿರಿಗೇನೂ ಬರವಿಲ್ಲ.

ಒಂದು ಉರಿಬಿಸಿಲ ಮಧ್ಯಾಹ್ನ ಕ್ಯಾತಣ್ಣ ಓಡುತ್ತಾ ಮನೆಗೆ ಬಂದ. ಮೈಯೆಲ್ಲ ಬೆವರು.

"ಅವ್ವಾ, ಶೇಂಗಾ ಹೊಲದಾಗೆ ಯಾರೋ ಮುದುಕಪ್ಪ ಮುಖ ಕಾಣದಂಗೆ ಟವಲ್ ಸುತ್ಕೊಂಡು, ಟೇಪು ಹಿಡಿದು ಅಳೀತಿದ್ದ. ಯಾರ್ರೀ ನೀವು ಅಂದೆ. 'ಓಬಯ್ಯ, ಹೊಲ ನಂದೇ' ಅಂದ. ಸರ್ವೆ ನಂಬರು, ತಾತನ ಹೆಸರು, ಎಲ್ಲಾ ಸರಿಯಾಗೇ ಹೇಳ್ದ!"

ಸೂರಮ್ಮನ ಮುಖ ಅರಳಿತು. ಅದನ್ನು ನೋಡಿ ಕ್ಯಾತಣ್ಣನಿಗೆ ಇನ್ನೂ ಭಯವಾಯಿತು.

"ಬಂದವ್ರಾ? ಉಂಡ್ರಾ?" ಎನ್ನುತ್ತಾ ಆಕೆ ಮುದ್ದೆಯ ತಟ್ಟೆ ಹಿಡಿದು ಹೊರಟೇಬಿಟ್ಟಳು.

ಹೊಲದಲ್ಲಿ ಯಾರೂ ಇರಲಿಲ್ಲ. ಬದುವಿನ ಉದ್ದಕ್ಕೂ ಚಪ್ಪಲಿಯ ಗುರುತು. ನಾಲ್ಕು ಮೂಲೆಗೂ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಸುಣ್ಣ ಇನ್ನೂ ಹಸಿಯಾಗಿತ್ತು.

ಸ್ವಸಹಾಯ ಸಂಘದ ಕಾರ್ಯದರ್ಶಿ, ಪಕ್ಕದ ಮನೆಯ ಗಂಗಲಕ್ಷ್ಮಿ ಹಿಂದೆಯೇ ಬಂದಿದ್ದಳು.

"ಅತ್ತೆ, ಸತ್ತೋರು ಸುಣ್ಣ ಬಳಿಯಲ್ಲ. ಹೊಲ ಮಾರಾಕೆ ನಿಂತೋರು ಬಳೀತಾರೆ" ಎಂದು ಮೊಬೈಲಿನಲ್ಲಿ ಪಹಣಿ ತೆಗೆದು ತೋರಿಸಿದಳು. "ಪುಣ್ಯಕ್ಕೆ ಇನ್ನೂ ಮಾವನ ಹೆಸರೇ ಐತೆ."

"ಹಿಂಗೆ ಎಲ್ಲಾರಿಗೂ ಕಾಣಂಗಿಟ್ರೆ ಕಳ್ಳನಿಗೂ ಕಾಣ್ತೈತಲ್ಲೇ?" ಎಂದಳು ಸೂರಮ್ಮ.

"ಕಾಣ್ಲಿ ಬಿಡ್ರಿ. ಪಹಣೀಲಿ ನಿಮ್ಮ ಹೆಸರಿದ್ದು ಆಧಾರ್ ಜೋಡಿಸಿದ್ರೆ, ನಾನೇ ಸೂರಮ್ಮ ಅಂತ ಯಾರಾದ್ರೂ ಬಂದಾಗ ನೀವು ಎದ್ದು ಹೋಗಿ ಅಲ್ಲ ಅಂತೀರಿ. ಮಾವ ಎದ್ದು ಬಂದು ಅಲ್ಲ ಅಂತಾರಾ? ಅದಕ್ಕೇ ಕಳ್ಳರಿಗೆ ಸತ್ತೋರ ಹೆಸರು ಅಂದ್ರೆ ಇಷ್ಟ."

ಸೂರಮ್ಮ ತಟ್ಟೆ ಕೆಳಗಿಟ್ಟಳು. ಗಂಡನನ್ನು ಉಳಿಸಿಕೊಂಡೆ ಎಂದುಕೊಂಡಿದ್ದವಳು ಅವನ ವೇಷ ಹಾಕುವವನಿಗೆ ಒಂಬತ್ತು ವರ್ಷ ಬಾಗಿಲು ತೆರೆದಿಟ್ಟಿದ್ದಳು.

ಮರುದಿನವೇ ಸಬ್ ರಿಜಿಸ್ಟ್ರಾರ್ ಆಫೀಸಿಗೂ ಪೊಲೀಸರಿಗೂ ದೂರು ಬರೆದುಕೊಟ್ಟರು. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಹಿಡಿದು ಗ್ರಾಮ ಆಡಳಿತಾಧಿಕಾರಿಯ ಬಳಿ ಹೋಗಿ, ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಕೊಡಿ ಎಂದು ಅರ್ಜಿ ಹಾಕಿದರು. ಅರ್ಜಿ ಕಂಪ್ಯೂಟರಿಗೆ ಏರಿತು. ತಕರಾರಿನ ಅವಧಿ ಮುಗಿದ ಮೇಲೆ ಹೊಸ ಪಹಣಿ ಬಂತು.

"ಏನೈತೆ ಓದೋ" ಎಂದಳು ಸೂರಮ್ಮ.

"ನಿನ್ನ ಹೆಸರು ಕಣವ್ವಾ. ಜೊತೆಗೆ ನಂದು."

ಆಕೆ ಬಹಳ ಹೊತ್ತು ಅತ್ತಳು. "ಇವತ್ತು ಹೋದ್ರು ನೋಡು ಅವರು. ಹೊಲ ನಮ್ಮ ಕೈಗೆ ಕೊಟ್ಟು ಹೋದ್ರು" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಹಿರಿಯರಿಗೆ ಎಡೆ ಇಡಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಇವತ್ತೇ ನಿಮ್ಮ ಹೊಲದ ಪಹಣಿ ತೆಗೆಸಿ ಓದಿ. ತೀರಿಕೊಂಡವರ ಹೆಸರಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ, ಆಧಾರ್ ಜೋಡಿಸಿ. ನೀವು ಸುಮ್ಮನಿದ್ದಷ್ಟು ದಿನ, ನಿಮ್ಮ ಅಪ್ಪನ ಹೆಸರು ಹೇಳಿಕೊಂಡು ಯಾರೋ ಎಲ್ಲೋ ಹೆಬ್ಬೆಟ್ಟು ಒತ್ತುತ್ತಿರಬಹುದು.