ಕಲ್ಲಿನ ರುಚಿ

ಸ್ವಾತಂತ್ರ್ಯ ಬಂದು ಆರು ವರ್ಷವಾಗಿದ್ದರೂ ಚಿನ್ನದ ಗಣಿಯೂರು ಕೋರಮಂಡಲ್‌ನ ಬಂಗಲೆಯಲ್ಲಿ ಇಂಗ್ಲಿಷ್ ದೊರೆಗಳ ದರ್ಬಾರು ಮುಗಿದಿರಲಿಲ್ಲ. ಆ ಸಂಜೆ ಫ್ರಾನ್ಸಿನಿಂದ ತರಿಸಿದ ವೈನಿನ ರುಚಿ ನೋಡುವ ಸಂಭ್ರಮ. ಗ್ಲಾಸು ತಿರುಗಿಸಿ ಮೂಸುವುದು, ಕೆಂಪು ವೈನನ್ನು ಬಾಯಲ್ಲಿ ಮುಕ್ಕಳಿಸುವುದು, ಆಮೇಲೆ ಹಿತ್ತಾಳೆ ಬೋಗುಣಿಗೆ ಉಗಿಯುವುದು. ಬೋಗುಣಿ ಹಿಡಿದು ನಿಂತಿದ್ದ ಕೆಲಸದ ಕದಿರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಿಗ್ಗೆ ಮನೆಯಲ್ಲಿ ಗಂಡನ ಉಗುಳಿನ ಡಬ್ಬಿ ತೊಳೆದೇ ಬಂದಿದ್ದಳು. ಇಲ್ಲೂ ಅದೇ ಕರ್ಮ.

ಒಬ್ಬ ದೊರೆ ಕಣ್ಣು ಮುಚ್ಚಿ ಏನೋ ಹೇಳಿದ. ಉಳಿದವರು ತಲೆದೂಗಿದರು.

"ಏನಂತಣ್ಣ?" ಎಂದು ಕದಿರಮ್ಮ ಬಟ್ಲರ್ ಶ್ರೀನಿವಾಸಪ್ಪನನ್ನು ಕೇಳಿದಳು.

"ಇದ್ರಾಗೆ ಕಲ್ಲಿನ ರುಚಿ ಐತಂತೆ ಕಣಮ್ಮ. ದ್ರಾಕ್ಷಿ ಬೆಳೆದ ನೆಲದ ಕಲ್ಲಂತೆ. ಅದ್ಕೇ ಇದು ಅಷ್ಟು ಮೇಲಂತೆ."

ಕದಿರಮ್ಮ ಬೋಗುಣಿಯನ್ನು ಮೇಜಿನ ಮೇಲೆ ಕುಕ್ಕಿದಳು. ಕೆಂಪು ಎಂಜಲು ದೊರೆಗಳ ಬಿಳಿ ಕೋಟುಗಳಿಗೆಲ್ಲ ಸಿಡಿಯಿತು.

"ಯೋಳಣ್ಣ ಇವರ್ಗೆ!" ಎಂದು ಕಿರುಚಿದಳು. "ಇಪ್ಪತ್ತು ವರ್ಸ ಗಣಿಯೊಳಗೆ ಕಲ್ಲಿನ ಧೂಳು ಕುಡ್ದವ್ನೆ ನನ್ನ ಗಂಡ. ಕಲ್ಲಿನ ರುಚಿ ಎಂಗಿರ್ತದೆ ಅಂತ ಅವನ್ನ ಬಂದು ಕೇಳ್ಲಿ. ಅವ್ನೂ ಕೆಂಪಗೇ ಉಗೀತಾನೆ!"